ನಗದ ಚಾಚಾನಿಗೆ ನಗು ಅಂಟಿಸಿದವರು

ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಎದುರು ಕಟ್ಟಿದ್ದ ಫ್ಲೆಕ್ಸ್ ನೋಡಿದಾಗ ನನಗೆ ಬಂದದ್ದು ಅಳುವಲ್ಲ, ಕೆಟ್ಟ ಸಿಟ್ಟು. ಫ್ಲೆಕ್ಸಿನಲ್ಲಿ ಚಾಚಾ ನಗುತ್ತಿದ್ದರು. ಸುಮ್ಮನೆ ನಗುವಲ್ಲ, ಹಲ್ಲುಪುಡಿ ಮಾರುವವರ ನಗು. ಕೆಳಗೆ ಬಂಗಾರದ ಅಕ್ಷರದಲ್ಲಿ ‘ಸೌಮ್ಯ ಸ್ವಭಾವದ, ಸದಾ ನಗುಮೊಗದ ಕಲಾವಿದರಿಗೆ ಸ್ವರ ನಮನ’ ಎಂದಿತ್ತು. ಅದರ ಪಕ್ಕದಲ್ಲಿ, ಸತ್ತವರಿಗಿಂತ ನಾಲ್ಕು ಪಟ್ಟು ದೊಡ್ಡದಾಗಿ, ಬದುಕಿರುವ ಯುವ ಮುಖಂಡರೊಬ್ಬರು ಕೈಮುಗಿದು ನಿಂತಿದ್ದರು.

ಸೀದಾ ಫ್ಲೆಕ್ಸ್ ಮಾಡಿದ ಹುಡುಗನ ಅಂಗಡಿಗೆ ಹೋದೆ.

“ಚಾಚಾ ನಗೋ ಫೋಟೋ ನಿನಗೆ ಎಲ್ಲಿ ಸಿಕ್ತಲೇ?”

“ಸಿಕ್ಲಿಲ್ಲ ಕಣಣ್ಣ. ಇರೋ ಫೋಟೋದಾಗೆಲ್ಲ ಜಗಳಕ್ಕೆ ಬಂದಂಗೆ ಅವ್ರೆ. ಅದಕ್ಕೇ ಬಾಯಿ ಬದಲಾಯಿಸ್ದೆ.”

“ಯಾರ ಬಾಯಿ ಹಾಕ್ದೆ?”

“ಮುಖಂಡರದ್ದೇ. ಇಬ್ಬರದೂ ಮ್ಯಾಚ್ ಆಗ್ಲಿ ಅಂತ.”

ನಾನು ವೃತ್ತಿಯಿಂದ ಮಿಮಿಕ್ರಿಯವನು. ಇನ್ನೊಬ್ಬರ ಬಾಯಿಯನ್ನು ನನ್ನ ಮುಖಕ್ಕೆ ಅಂಟಿಸಿಕೊಂಡೇ ಅನ್ನ ತಿನ್ನುವವನು. ಆದರೂ ಆ ಹುಡುಗನ ಮಾತು ಕೇಳಿ ನನ್ನ ಬಾಯಿಯೇ ಕಟ್ಟಿಹೋಯಿತು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಚಾಚಾನ ಹೆಸರು ನಾನು ಹೇಳುವುದಿಲ್ಲ. ಫ್ಲೆಕ್ಸಿನ ಮೇಲೆ ಬರೆದು ಬಿಸಿಲಿಗೆ ಕಟ್ಟಿದ್ದಾರಲ್ಲ, ಅಷ್ಟು ಸಾಕು.

ಚಾಚಾ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಕೆಂಪು ಕೋಟು, ಹೆಗಲ ಮೇಲೆ ಜರಿಯ ಕುಚ್ಚು, ಕಾಲಿಗೆ ಹವಾಯಿ ಚಪ್ಪಲಿ. ವಯಸ್ಸಿನಲ್ಲಿ ಅವರಿಗಿಂತ ಹಿರಿಯರೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ಹಾಗೆ ಕರೆದರೆ ಬೈಗುಳ ಸ್ವಲ್ಪ ಕಡಿಮೆಯಾಗಬಹುದು ಎಂಬ ಆಸೆ. ಆಗುತ್ತಿರಲಿಲ್ಲ. ಮದುಮಗ ಕುದುರೆ ಮೇಲೆ ಕುಳಿತು ಫೋನು ನೋಡುತ್ತಿದ್ದರೆ ಮದುಮಗನಿಗೇ ಬೈಯುತ್ತಿದ್ದರು: “ನಿನ್ನ ಮದುವೇನಪ್ಪ ಇದು, ಬೇರೆ ಯಾರದೋ ಅಲ್ಲ. ತಲೆ ಎತ್ತು!” ಕುದುರೆ ತಲೆ ಎತ್ತಿದ್ದನ್ನು ನಾನೇ ನೋಡಿದ್ದೇನೆ.

ನನಗೂ ಅವರಿಗೂ ಗಂಟುಬಿದ್ದದ್ದು ರಾಮಗಿರಿಯ ಒಂದು ಮದುವೆಯಲ್ಲಿ. ನಾನು ಊಟದ ಪಂಕ್ತಿಯಲ್ಲಿ ಗೆಳೆಯರ ನಡುವೆ ಕುಳಿತು ಅವರನ್ನೇ ಅಣಕಿಸುತ್ತಿದ್ದೆ. ಬೈಯುವ ಮುಂಚೆ ಅವರು ಗಂಟಲಿನಲ್ಲಿ ಒಂದು ಕೆಮ್ಮು ಎಳೆಯುತ್ತಿದ್ದರು, ಹಳೇ ಲಾರಿ ಗೇರು ಬದಲಿಸುವ ಸದ್ದಿನ ಹಾಗೆ. ಅದನ್ನು ಎಳೆದು, “ಲೇ, ಡ್ರಮ್ಮು ಬಾರಿಸ್ತಿದೀಯೋ ರೊಟ್ಟಿ ಬಡಿತಿದೀಯೋ?” ಎಂದೆ. ಗೆಳೆಯರು ನಗಲಿಲ್ಲ. ಎಲೆಯನ್ನೇ ನೋಡುತ್ತಾ ಪಾಯಸ ಕಲಸತೊಡಗಿದರು. ತಿರುಗಿದರೆ ಹಿಂದೆ ಚಾಚಾ.

“ಇನ್ನೊಂದ್ಸಲ ಮಾಡು,” ಎಂದರು.

ಮಾಡಿದೆ. 

“ಕೆಮ್ಮು ಎದೆಯಿಂದ ಬರ್ತೈತೆ, ಮೂಗಿಂದಲ್ಲ. ಮಾಡೋದಾದ್ರೆ ನೆಟ್ಟಗೆ ಮಾಡು. ಇಲ್ಲಾಂದ್ರೆ ಉಂಡು ಎದ್ದೋಗು. ಗಾಂಧಿ ಜಯಂತಿ ದಿನ ಖಾಲಿ ಇದೀಯೇನು?”

ನಾನು ಎಲ್ಲ ದಿನವೂ ಖಾಲಿಯೇ ಇದ್ದೆ. ಅಂದಿನಿಂದ ನನ್ನ ಹೆಸರು ‘ಗಿಳಿ’ ಎಂದಾಯಿತು.

ಗಾಂಧಿ ಜಯಂತಿಯ ರಜೆಯ ದಿನ ಚಾಚಾ ವರ್ಷಕ್ಕೊಮ್ಮೆ ಒಂದು ಸಂಗೀತ ಕಚೇರಿ ಮಾಡುತ್ತಿದ್ದರು. ಒಂದು ವರ್ಷ ಹೊಳಲ್ಕೆರೆ, ಇನ್ನೊಂದು ವರ್ಷ ಹೊಸದುರ್ಗ, ಆಮೇಲೆ ಹಿರಿಯೂರು, ಆಮೇಲೆ ಚಿತ್ರದುರ್ಗ. ಅವರ ಕ್ಲಾರಿನೆಟ್ಟು, ತಿಪ್ಪೇಶಿಯ ಡ್ರಮ್ಮು, ರಫೀಕನ ಮೈಕ್‌ಸೆಟ್ಟು, ನಡುನಡುವೆ ನನ್ನ ಕಿರುಚಾಟ. ತಿಪ್ಪೇಶಿ ಉಳಿದ ದಿನಗಳಲ್ಲಿ ಲಗೇಜ್ ಆಟೋ ಓಡಿಸುತ್ತಾನೆ. ಡ್ರಮ್ಮನ್ನೂ ಅದೇ ಆಟೋದಲ್ಲಿ ಈರುಳ್ಳಿ ಮೂಟೆಯ ಜೊತೆ ತರುತ್ತಾನೆ.

ಆ ದಿನವನ್ನೇ ಯಾಕೆ ಆರಿಸಿಕೊಂಡಿರಿ, ಮಹಾತ್ಮರ ಮೇಲಿನ ಭಕ್ತಿಯೋ ಎಂದು ಹಿರಿಯೂರಿನಲ್ಲಿ ಯಾರೋ ದೊಡ್ಡವರು ಕೇಳಿದ್ದರು.

“ಭಕ್ತಿ ಐತೆ ಸಾಹೇಬ್ರೆ,” ಎಂದರು ಚಾಚಾ. “ಅವತ್ತು ಬಾರ್ ಬಂದ್. ನನ್ನ ಡ್ರಮ್ಮಿನೋನು ನೆಟ್ಟಗೆ ನಿಂತಿರೋ ದಿನ ವರ್ಷದಾಗೆ ಅದೊಂದೇ.”

ಪಕ್ಷಮಾಸವೂ ಅದೇ ಸುಮಾರಿಗೆ ಬೀಳುವುದರಿಂದ ಮದುವೆಗಳೂ ಇರುತ್ತಿರಲಿಲ್ಲ. ಒಂದು ವರ್ಷ ತಿಪ್ಪೇಶಿ ಜಾಣತನ ಮಾಡಿ ಹಿಂದಿನ ದಿನವೇ ಬಾಟಲಿ ತಂದಿಟ್ಟುಕೊಂಡ. ಸಂಜೆ ಅವನು ಡ್ರಮ್ಮಿನ ಬದಲು ಚಾಚಾನ ಹೆಗಲಿಗೆ ಕೋಲು ಬಡಿದ. ಚಾಚಾ ಅವನನ್ನು ಗೇಟಿನ ಹತ್ತಿರ ಕಂಬಳಿ ಮಡಚಲು ಕೂರಿಸಿ, ನನ್ನ ಕಡೆ ತಿರುಗಿ, “ಗಿಳಿ, ಡ್ರಮ್ಮು ಬಾಯಾಗೆ ಬಾರಿಸು,” ಎಂದರು. ಇಡೀ ಸಂಜೆ ಮೈಕಿಗೆ ತುಟಿ ಹಚ್ಚಿ ಬಾರಿಸಿದೆ. ಮಾರನೇ ದಿನ ನನ್ನ ಊದಿದ ಮೂತಿ ನೋಡಿದ ನಮ್ಮಮ್ಮ, “ಯಾವೋಳ ಕೈಲಿ ಹೊಡೆಸ್ಕೊಂಡ್ಯೋ?” ಎಂದು ಕೇಳಿದಳು.

ಕಂಬಳಿ ಎಂದೆನಲ್ಲ, ಅದೇ ಟಿಕೆಟ್. ಕಚೇರಿ ಕೇಳಬೇಕಾದರೆ ಮನೆಗೊಂದು ಕಂಬಳಿಯೋ ಜಮಖಾನವೋ ರಗ್ಗೋ ತರಬೇಕು. ಅದೆಲ್ಲ ಹೋಗುತ್ತಿದ್ದುದು ಆ ವರ್ಷದ ಊರಿನ ಆಸ್ಪತ್ರೆಗೆ, ರೋಗಿಗಳಿಗಲ್ಲ, ರೋಗಿಗಳ ಜೊತೆ ಬಂದು ಮಂಚದ ಕೆಳಗೆ, ಜಗಲಿಯಲ್ಲಿ, ಮೆಟ್ಟಿಲ ಮೇಲೆ ಮಲಗುವವರಿಗೆ. ಕೊಡುವುದಕ್ಕೆ ಒಂದು ಕ್ರಮವಿತ್ತು. ಮಾರನೇ ದಿನ ಬೆಳಗ್ಗೆ ನಾವು ಹೋಗಿ ಜಗಲಿಯ ತುದಿಯ ಬೆಂಚಿನ ಮೇಲೆ ಕಂಬಳಿಗಳನ್ನು ಪೇರಿಸಿಟ್ಟು, ಅಲ್ಲಿದ್ದ ಆಯಾಗೆ ಒಂದು ಮಾತು ಹೇಳಿ, ಹಿಂದೆ ತಿರುಗಿ ನೋಡದೆ ಟೀ ಕುಡಿಯಲು ಹೋಗಬೇಕು. ಯಾರ ಕೈಗೂ ಕೊಡುವಂತಿಲ್ಲ. ಯಾರು ತೆಗೆದುಕೊಂಡರು ಎಂದು ನೋಡುವಂತಿಲ್ಲ.

ಒಮ್ಮೆ ನಾನು ಕದ್ದು ನೋಡಿದೆ.

“ಚಾಚಾ, ಆ ಮನುಷ್ಯ ಎರಡು ಎತ್ಕೊಂಡ!”

“ಎತ್ಕಳ್ಲಿ ಬಿಡಲೇ. ಅವನ ಚಳಿ ಎಷ್ಟು ದೊಡ್ಡದೈತೋ ನಿನಗೇನು ಗೊತ್ತು?” ಎಂದವರು, ಕದ್ದು ನೋಡಿದ್ದಕ್ಕೆ ಟೀ ಮುಗಿಯುವವರೆಗೂ ಬೈದರು.

ಈ ಕ್ರಮ ಯಾಕೆ ಎಂಬುದನ್ನು ಒಂದೇ ಒಂದು ಸಲ ಹೇಳಿದ್ದರು, ಹೊಸದುರ್ಗದಿಂದ ಬರುವ ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು. ಬಹಳ ಹಿಂದೆ ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಇವರು ನೆಲಕ್ಕೆ ಪೇಪರು ಹಾಸಿಕೊಂಡು ಮಲಗುತ್ತಿದ್ದರಂತೆ. ಯಾರೋ ದಾನಿಗಳು ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕಂಬಳಿ ಕೊಟ್ಟು ಫೋಟೋ ತೆಗೆಸಿದರು. ಫೋಟೋ ಪೇಪರಿನಲ್ಲಿ ಬಂತು. ಮುಂದಿನ ಮದುವೆಯಲ್ಲಿ ಚಾಚಾ ನುಡಿಸುತ್ತಿದ್ದಾಗ ಹುಡುಗಿಯ ಮಾವ ಎಲ್ಲರ ಮುಂದೆ ಗುರುತು ಹಿಡಿದ: “ಅರೆ, ಕಂಬಳಿ ಇಸ್ಕೊಂಡೋನು ನೀನೇ ಅಲ್ವೇನಯ್ಯ?”

“ನುಡಿಸೋದು ನಿಲ್ಲಿಸ್ದ್ರಾ?” ಎಂದು ಕೇಳಿದೆ.

“ನಿಲ್ಲಿಸಿದ್ರೆ ನನ್ನ ಮುಖ ನೋಡ್ತಿದ್ರು,” ಎಂದರು. “ಜೋರಾಗಿ ಊದಿದೆ.”

ಅವರಿಗೆ ಸಿಟ್ಟು ಬಂದಾಗೆಲ್ಲ ನ್ಯಾಯ ಅವರ ಕಡೆಯೇ ಇರುತ್ತಿತ್ತು ಎಂದು ಹೇಳಿದರೆ ನಾನೂ ಇನ್ನೊಂದು ಫ್ಲೆಕ್ಸ್ ಕಟ್ಟಿದ ಹಾಗಾಗುತ್ತದೆ. ಚಿತ್ರದುರ್ಗದ ಕಚೇರಿಗೆ ಒಬ್ಬ ಮೇಷ್ಟ್ರು ಹರಕು ರಗ್ಗು ತಂದಿದ್ದರು. ಚಾಚಾ ಗೇಟಿನಲ್ಲೇ ಅದನ್ನು ಬಿಡಿಸಿ ಎಲ್ಲರಿಗೂ ಕಾಣುವಂತೆ ಹಿಡಿದು, “ಇದನ್ನ ನಿಮ್ಮನೆ ನಾಯಿ ಹೊದೆಯಲ್ಲ ಅಂತ ನಮಗೆ ತಂದ್ರಾ?” ಎಂದರು. ಮೇಷ್ಟ್ರ ಹಿಂದೆ ಅವರ ಹೆಂಡತಿ ಇದ್ದಳು. ಇಬ್ಬರೂ ಅಲ್ಲಿಂದಲೇ ಹಿಂದಿರುಗಿದರು, ಮತ್ತೆ ಯಾವ ವರ್ಷವೂ ಬರಲಿಲ್ಲ. ಅದು ತಪ್ಪು ಎಂದು ನಾನು ಹೇಳಿದೆ. ಚಾಚಾ ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ರೀಡನ್ನು ನಾಲಗೆಯಲ್ಲಿ ನೆನೆಸುತ್ತಾ, “ಹೂಂ, ತಪ್ಪೇ. ಏನೀಗ?” ಎಂದರು. ಆ ‘ಏನೀಗ’ಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ತಪ್ಪು ಒಪ್ಪಿಕೊಳ್ಳುವುದನ್ನೂ ಜಗಳದ ಹಾಗೆ ಮಾಡುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ವೇದಿಕೆಯ ಮೇಲೆ ಭಾಷಣವಿಲ್ಲ, ಶಾಲಿಲ್ಲ, ಹಾರವಿಲ್ಲ. ಇದು ಎಲ್ಲರಿಗೂ ಗೊತ್ತು. ಹೊಸದುರ್ಗದಲ್ಲಿ ಮಾತ್ರ ಒಬ್ಬರು ಹಿಂಬಾಲಕರ ಜೊತೆ ಶಾಲು ಹಿಡಿದು ವೇದಿಕೆ ಹತ್ತಿಯೇಬಿಟ್ಟರು. ಚಾಚಾ ನುಡಿಸುತ್ತಿದ್ದರು. ಹಾಡು ಮುಗಿಯಲಿ ಎಂದು ಅವರು ನಿಂತರು. ಚಾಚಾ ಮುಗಿಸಲೇ ಇಲ್ಲ. ಒಂದರ ಬಾಲಕ್ಕೆ ಇನ್ನೊಂದು ಹಾಡು ಕಟ್ಟುತ್ತಾ ಹೋದರು. ಶಾಲು ಹಿಡಿದ ಕೈ ಮೊದಲು ಎದೆಮಟ್ಟದಲ್ಲಿತ್ತು, ಆಮೇಲೆ ಹೊಟ್ಟೆಮಟ್ಟಕ್ಕೆ ಬಂತು, ಕೊನೆಗೆ ಜೋತುಬಿತ್ತು. ಅವರು ನನ್ನ ಕಿವಿಯಲ್ಲಿ, “ಇದು ಯಾವಾಗ ಮುಗಿಯುತ್ತೆ ತಮ್ಮ?” ಎಂದರು. “ನೀವು ಕೆಳಗೆ ಕುಂತ ಮೇಲೆ ಸಾರ್,” ಎಂದೆ. ಅವರು ಇಳಿದು ಕುಳಿತ ತಕ್ಷಣ ಹಾಡು ನಿಂತಿತು. ಜನ ಚಪ್ಪಾಳೆ ತಟ್ಟಿದ್ದು ಯಾವುದಕ್ಕೆಂದು ಅವರಿಗೆ ಗೊತ್ತಾಗದಿದ್ದರೆ ಸಾಕು ಎಂದುಕೊಂಡೆ.

ಅಷ್ಟು ಊದುತ್ತಿದ್ದ ಎದೆ ಒಳಗೇ ಹಾಳಾಗುತ್ತಿತ್ತು. ಯಾರಿಗೂ ಹೇಳಲಿಲ್ಲ. ನಾನು ಪರಿಪೂರ್ಣವಾಗಿ ಅಣಕಿಸಲು ಕಲಿತ ಆ ಕೆಮ್ಮೇ ಕಾಯಿಲೆ ಎಂದು ನನಗಾದರೂ ಹೇಗೆ ಗೊತ್ತಾಗಬೇಕು? ಮಳೆಗಾಲದಲ್ಲಿ ಹೋಗಿಬಿಟ್ಟರು. ಮಣ್ಣು ಹಾಕಿ ಬರುವಾಗ ತಿಪ್ಪೇಶಿ, “ಒಂದು ಮಾತು ಹೇಳಿದ್ರೆ ಆಟೋದಾಗೆ ಹಾಕ್ಕೊಂಡು ಆಸ್ಪತ್ರೆಗೆ ಹೋಗ್ತಿದ್ದೆ ಮುದುಕನ್ನ,” ಎಂದು ರಸ್ತೆಬದಿಯ ಕಲ್ಲಿಗೆ ಒದ್ದ. ಕಾಲು ಊದಿಕೊಂಡಿತು. ಅದಕ್ಕೂ ಚಾಚಾನನ್ನೇ ಬೈದ.

ಗಾಂಧಿ ಜಯಂತಿ ಹತ್ತಿರ ಬಂದಾಗ ನಾವು ಮೂವರು ಈ ವರ್ಷ ಏನು ಮಾಡೋದು ಎಂದು ಮಾತಾಡುವ ಮುಂಚೆಯೇ ಫ್ಲೆಕ್ಸಿನಲ್ಲಿದ್ದ ಆ ಯುವ ಮುಖಂಡರ ಕಡೆಯವರು ಬಂದರು. ಚಾಚಾನ ನೆನಪಿಗೆ ದೊಡ್ಡ ಕಾರ್ಯಕ್ರಮ, ಹೊಳಲ್ಕೆರೆಯಲ್ಲೇ, ಶಾಲೆಯ ಮೈದಾನದಲ್ಲಿ. ಎಲ್‌ಇಡಿ ಪರದೆ, ಡಿಜೆ. ಕಂಬಳಿ ಎಲ್ಲ ಅವರದೇ. ರಫೀಕನ ಮೈಕ್‌ಸೆಟ್ಟು ಬಾಡಿಗೆಗೆ ಹಿಡಿದಾಗಿತ್ತು. ತಿಪ್ಪೇಶಿಗೆ ಡ್ರಮ್ಮು ತರಲು ಹೇಳಿದ್ದರು. ನನ್ನಿಂದ ಅವರಿಗೆ ಬೇಕಾಗಿದ್ದುದು ಒಂದೇ.

“ಚಾಚಾನ ವಾಯ್ಸ್ ನಿನ್ನಂಗೆ ಯಾರಿಗೂ ಬರಲ್ಲವಂತೆ. ಅವರ ದನಿಯಾಗೆ ನಮ್ಮ ಸಾಹೇಬ್ರಿಗೆ ಎರಡು ಮಾತು ಆಶೀರ್ವಾದ ಮಾಡ್ಬಿಡು. ‘ಬೇಟಾ, ಈ ಊರು ನಿನ್ನ ಕೈಯಾಗೆ ಐತೆ’ ಅಂತ. ಜನ ಅತ್ತುಬಿಡ್ಬೇಕು.”

ಉಗಿದು ಕಳಿಸಬೇಕಿತ್ತು. ನಾನು ಮಾತ್ರ, “ಎಷ್ಟು ಹೊತ್ತಿಗೆ ಬರ್ಲಿ ಅಣ್ಣ?” ಎಂದೆ. ಎಲ್‌ಇಡಿ ಪರದೆಯ ಮೇಲೆ ನನ್ನ ಮುಖ ಅಷ್ಟು ದೊಡ್ಡದಾಗಿ ಕಾಣುವುದನ್ನು ನಾನೂ ಒಮ್ಮೆ ನೋಡಬೇಕಿತ್ತು. ಮಿಮಿಕ್ರಿಯವನಿಗೆ ಸ್ವಂತ ದನಿ ಇಲ್ಲ ಎನ್ನುತ್ತಾರೆ. ಸ್ವಂತ ಬೆನ್ನೆಲುಬೂ ಬಾಡಿಗೆಯದೇ ಇರಬೇಕು.

ಅಂದು ಸಂಜೆ ವೇದಿಕೆಯ ಪಕ್ಕದಲ್ಲಿ ನಿಂತಾಗ ನನ್ನ ಮುಂದೆ, ವೇದಿಕೆಯ ಹಿಂಭಾಗದಲ್ಲಿ, ಒಂದು ಸಾಲು ಹೆಂಗಸರಿದ್ದರು. ಯಾರೆಂದು ಮೊದಲು ತಿಳಿಯಲಿಲ್ಲ. ಆಸ್ಪತ್ರೆಯ ಜಗಲಿಯಲ್ಲಿದ್ದವರನ್ನು, ಹತ್ತು ನಿಮಿಷದ ಕೆಲಸ, ಕಂಬಳಿ ಕೊಟ್ಟು ವಾಪಸ್ ಬಿಡ್ತೀವಿ ಎಂದು ಹೇಳಿ ಟೆಂಪೋದಲ್ಲಿ ಕೂರಿಸಿಕೊಂಡು ಬಂದಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಪ್ಲಾಸ್ಟಿಕ್ ಕವರಿನ ಕಂಬಳಿ, ಕವರಿನ ಮೇಲೆ ಮುಖಂಡರ ಸ್ಟಿಕ್ಕರು. ಒಬ್ಬ ಕಾರ್ಯಕರ್ತ ಸಾಲಿನ ಉದ್ದಕ್ಕೂ ಹೇಳಿಕೊಂಡು ಹೋಗುತ್ತಿದ್ದ: “ಕವರ್ ಬಿಚ್ಚಬ್ಯಾಡ್ರಿ, ಫೋಟೋ ಮುಚ್ಚಿಹೋಗ್ತೈತೆ. ಎದೆ ಮಟ್ಟಕ್ಕೆ ಹಿಡ್ಕಳ್ರಿ.”

ಸಾಲಿನ ಕೊನೆಯ ಹೆಂಗಸು ಹಿಡಿಯಲಿಲ್ಲ. ಅವಳ ಕಣ್ಣು ಗೇಟಿನ ಕಡೆಗಿತ್ತು.

“ಯಪ್ಪಾ, ನಾನು ಹೋಗ್ಬೇಕು. ನಮ್ಮೆಜಮಾನ್ರಿಗೆ ಗ್ಲೂಕೋಸ್ ಹಾಕ್ಯಾರೆ. ಬಾಟ್ಲಿ ಮುಗಿಯಾಕ್ ಬಂದಿತ್ತು. ಅವ್ರಿಗೆ ಎದ್ದು ಕೂಗಾಕೂ ಆಗಲ್ಲ.”

“ಐದೇ ನಿಮಿಷ ಕಣಮ್ಮ, ಸಾಹೇಬ್ರ ಭಾಷಣ ಮುಗೀಲಿ.”

“ಆಗ್ಲೂ ಐದೇ ನಿಮಿಷ ಅಂದ್ರಲ್ಲಪ್ಪ. ಪೈಪಿನಾಗೆ ರಕ್ತ ಹಿಂದಕ್ಕೆ ಬರ್ತೈತಂತೆ.”

“ಏನಾಗಲ್ಲ, ನಿಂತ್ಕಳ್ರಿ.”

ವೇದಿಕೆಯ ಮೇಲೆ ಮುಖಂಡರು ಚಾಚಾನ ಸೌಮ್ಯ ಗುಣವನ್ನು ವರ್ಣಿಸುತ್ತಿದ್ದರು. ತಾವು ಚಿಕ್ಕವರಿದ್ದಾಗ ಚಾಚಾ ತಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಕ್ಲಾರಿನೆಟ್ ನುಡಿಸಿದ್ದರಂತೆ. ಚಾಚಾ ಯಾರನ್ನಾದರೂ ಹೆಗಲ ಮೇಲೆ ಕೂರಿಸಿಕೊಂಡಿದ್ದರೆ ಅದು ಕೆರೆಗೆ ಎಸೆಯುವುದಕ್ಕೇ. ಆಮೇಲೆ ನಿರೂಪಕ ನನ್ನ ಹೆಸರು ಕೂಗಿದ. “ಈಗ ಅಗಲಿದ ಚೇತನ ತನ್ನದೇ ದನಿಯಲ್ಲಿ ನಮ್ಮ ನಾಯಕರನ್ನು ಹರಸಲಿದೆ!”

ಮೈಕು ಕೈಗೆ ಬಂತು. ಪರದೆಯ ಮೇಲೆ ನನ್ನ ಮುಖವೂ ಬಂತು; ನಾನಂದುಕೊಂಡಷ್ಟು ಚೆನ್ನಾಗೇನೂ ಇರಲಿಲ್ಲ. ಪಕ್ಕದಲ್ಲಿ ಮುಖಂಡರು ತಲೆ ಬಾಗಿಸಿ, ಕಣ್ಣು ಮುಚ್ಚಿ, ಹರಕೆಗೆ ಸಿದ್ಧವಾಗಿ ನಿಂತರು. ಹಿಂದಿನಿಂದ ಆ ಹೆಂಗಸು ಇನ್ನೊಮ್ಮೆ, ಈ ಸಲ ಯಾರಿಗೂ ಅಲ್ಲ, ತನಗೆ ತಾನೇ, “ಮುಗಿದೋಗಿರ್ತೈತೆ,” ಎಂದದ್ದು ಕೇಳಿಸಿತು.

ಎದೆಯಿಂದ ಕೆಮ್ಮು ಎಳೆದೆ. ಮೈದಾನ ಗಪ್ಪಾಯಿತು.

“ಲೇ ರಫೀಕ್! ಯಾವನ್ಲೇ ಈ ತಾಯಂದಿರನ್ನ ಬೊಂಬೆ ಥರ ಸಾಲಾಗಿ ನಿಲ್ಸಿರೋನು? ಅಲ್ಲಿ ಬಾಟ್ಲಿ ಖಾಲಿ ಆಗ್ತೈತೆ, ಇಲ್ಲಿ ನಿಮ್ಮ ಭಾಷಣ ತುಂಬ್ತಾನೇ ಐತೆ. ಬಂದ್ ಮಾಡು ಮೈಕು!”

ರಫೀಕ್ ಅಂದು ಮುಖಂಡರ ಬಾಡಿಗೆಯ ಆಳು. ಆದರೆ ಆ ದನಿ ‘ಬಂದ್ ಮಾಡು’ ಎಂದರೆ ಬಂದ್ ಮಾಡುವುದು ಅವನ ಕೈಗೆ ರೂಢಿಯಾಗಿಬಿಟ್ಟಿತ್ತು. ಟಪ್ ಎಂದು ಇಡೀ ಸೆಟ್ಟು ಸತ್ತಿತು. ಮುಖಂಡರು ಕಣ್ಣು ಬಿಟ್ಟು ಏನೋ ಹೇಳಿದರು. ತುಟಿ ಮಾತ್ರ ಆಡಿತು. ನನಗೂ ಇನ್ನೂ ನಾಲ್ಕು ಒಳ್ಳೆಯ ಬೈಗುಳ ಬಾಕಿ ಇದ್ದವು, ನನ್ನ ಮೈಕೂ ಅದೇ ಸೆಟ್ಟಿನದು. ಬಾಯಿ ತೆರೆದುಕೊಂಡು ಇಬ್ಬರೂ ಪಕ್ಕಪಕ್ಕದಲ್ಲಿ ಮೀನುಗಳ ಹಾಗೆ ನಿಂತೆವು.

ಆಗ ತಿಪ್ಪೇಶಿಯ ಡ್ರಮ್ಮು ಶುರುವಾಯಿತು. ಅವನು ಬಾರಿಸಿದ್ದು ಮದುವೆ ಮುಗಿದು ದಿಬ್ಬಣ ಹೊರಡುವಾಗಿನ ಬಡಿತ. ನಮ್ಮ ಕಡೆ ಆ ಬಡಿತ ಕೇಳಿದರೆ ಸಾಕು, ಜನ ಎದ್ದು ಚಪ್ಪಲಿ ಹುಡುಕುತ್ತಾರೆ. ಎದ್ದೇಬಿಟ್ಟರು. ಮುಂದಿನ ಸಾಲಿನ ಅಜ್ಜಿಯೊಬ್ಬಳು, “ಊಟ ಎಲ್ಲಪ್ಪ?” ಎಂದು ಕೇಳುತ್ತಾ ದಾರಿ ಬಿಟ್ಟಳು. ಆ ಗಲಾಟೆಯಲ್ಲಿ ಹೆಂಗಸರನ್ನು ಕೆಳಗಿಳಿಸಿದೆವು. ಮುಖಂಡರ ಟೆಂಪೋದ ಡ್ರೈವರ್ ಕೀಲಿ ಕೊಡಲಿಲ್ಲ, “ಫೋಟೋ ಆಗ್ಲಿ,” ಎಂದ. ತಿಪ್ಪೇಶಿ ಕೊರಳಿನ ಡ್ರಮ್ಮನ್ನು ರಸ್ತೆಗೇ ಇಳಿಸಿಟ್ಟು, “ಹತ್ರಿ ಅಮ್ಮ, ಈರುಳ್ಳಿ ಸಿಪ್ಪೆ ಐತೆ, ಸೀರೆ ಎತ್ಕಳ್ರಿ, ಹೋಗಾಣ,” ಎಂದು ಆಟೋ ಎಳೆದ.

ಆಸ್ಪತ್ರೆಯಲ್ಲಿ ಸಿಸ್ಟರ್ ಬಾಗಿಲಲ್ಲೇ ನನ್ನನ್ನು ಹಿಡಿದರು. “ಇವರನ್ನ ಕರ್ಕೊಂಡು ಹೋದೋರು ನೀವೇನ್ರಿ? ಹೆಂಡತಿ ಕಾಣಲ್ಲ ಅಂತ ಆ ಮನುಷ್ಯ ಮಂಚದಿಂದ ಇಳಿಯಾಕೆ ಹೋಗಿ ಸೂಜಿ ಕಿತ್ಕೊಂಡವ್ರೆ. ಹಾಸಿಗೆ ಎಲ್ಲ ರಕ್ತ. ನಾನು ನೋಡಿದ್ದಕ್ಕೆ ಸರಿಹೋಯ್ತು, ಈಗ ಇನ್ನೊಂದು ಕೈಗೆ ಹಾಕಿದೀನಿ. ಯಾವ ಫಂಕ್ಷನ್ನು ನಿಮ್ದು?”

ಯಾವ ಫಂಕ್ಷನ್ನೆಂದು ಹೇಳಲಿ? ಬೈಸಿಕೊಂಡು ಹೊರಗೆ ಬಂದೆ. ಜಗಲಿಯಲ್ಲಿ ಕುಳಿತು ಫೋನು ತೆಗೆದರೆ ಮುಖಂಡರ ಪೋಸ್ಟು ಆಗಲೇ ಬಂದಿತ್ತು. ಭಾಷಣದ ನಡುವೆಯೇ ತೆಗೆದಿದ್ದ ಫೋಟೋ: ಸಾಲಾಗಿ ಹೆಂಗಸರು, ಸಾಲಾಗಿ ಸ್ಟಿಕ್ಕರು, ‘ಸಂಗೀತವೇ ಸೇವೆ’. ಕೊನೆಯ ಹೆಂಗಸಿನ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಕೆಳಗೆ ಕಾಮೆಂಟಿನಲ್ಲಿ ಜನ ಹೂವಿನ ಮೇಲೆ ಹೂವು ಒತ್ತುತ್ತಿದ್ದರು. ರಫೀಕ್ ಫೋನ್ ಮಾಡಿ, “ಬೇಕಂತ ಮಾಡಿಲ್ಲ ಕಣೋ, ಕೈ ತಾನೇ ಹೋಗ್ಬಿಡ್ತು. ಇವ್ರು ಸೆಟ್ಟು ಹಿಡ್ಕೊಂಡು ಕೂತವ್ರೆ, ಬಿಡ್ತಿಲ್ಲ,” ಎಂದ. 

ಸ್ವಲ್ಪ ಹೊತ್ತಿಗೆ ಆ ಹೆಂಗಸು ಹೊರಗೆ ಬಂದಳು. ಸೆರಗಿನ ತುದಿಯಲ್ಲಿ ರಕ್ತದ ಕಲೆಯಿತ್ತು. ಒರೆಸಿದ್ದಿರಬೇಕು. ನನ್ನನ್ನು ವೇದಿಕೆಯ ಮೇಲೆ ಕಂಡ ಗುರುತೇ ಅವಳಿಗಿರಲಿಲ್ಲ. ಅವಳು ಗೇಟನ್ನೇ ನೋಡುತ್ತಿದ್ದಳಲ್ಲ. ಆಟೋದಲ್ಲಿ ಜೊತೆಗೆ ಬಂದವನು ಎಂದಷ್ಟೇ ತಿಳಿದು ಹತ್ತಿರ ನಿಂತಳು.

“ಮಲ್ಕೊಂಡ್ರಾ?” ಎಂದೆ.

“ಹೂಂ. ಅಲ್ಲ ತಮ್ಮ, ಅಲ್ಲಿ ಮೈಕಿನಾಗೆ ಬೈದ್ರಲ್ಲ ಒಬ್ರು ವಯಸ್ಸಾದೋರು, ಕಾಣ್ಲೇ ಇಲ್ಲ. ಯಾರು ಅವರು?”

“ನಮ್ಮ ಚಾಚಾ.”

“ಯಾವಾಗ್ಲೂ ಹಂಗೇ ಬೈತಾರಾ?”

“ಹೂಂ ಕಣಮ್ಮ. ಒಂದು ದಿನಾನೂ ಬಿಟ್ಟಿಲ್ಲ.”

“ಬೈಲಿ ಬಿಡು,” ಎಂದು ಹೇಳಿ ಅವಳು ಒಳಗೆ ಹೋದಳು.